ಕರಿ ಮೆರುಗಿನ ಗಡಿಗೆ

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನ ಮನೆ ಒಬ್ಬ ಥಾಯ್ ಅಜ್ಜಿಯದು. ಅವರ ಹತ್ತಿರ ಒಂದು ಎಲೆಯಡಿಕೆ ಪೆಟ್ಟಿಗೆ ಇದೆ. ದುಂಡನೆಯದು, ಎರಡು ಸೇರು ಅಕ್ಕಿ ಹಿಡಿಯುವಷ್ಟು ದೊಡ್ಡದು. ಒಳಗೆ ಕೆಂಪು, ಹೊರಗೆ ಕಪ್ಪು, ಕಪ್ಪಿನ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಬಳ್ಳಿ. ಅದು ಮೊದಲ ಸಲ ಕೈಗೆ ಸಿಕ್ಕಾಗ ನಾನು ತಲೆಕೆಳಗು ಮಾಡಿ ತಳ ನೋಡಿದೆ. ಚನ್ನಪಟ್ಟಣದವರು ಯಾರಾದರೂ ಹಾಗೇ ಮಾಡುತ್ತಾರೆ. ಲೇತಿನ ಮೇಲೆ ತಿರುಗಿದ ಸಾಮಾನಾದರೆ ತಳದ ನಡುವೆ ಒಂದು ಗುರುತು ಇರಬೇಕು, ಎಷ್ಟು ಉಜ್ಜಿದರೂ ಅದು ಪೂರ್ತಿ ಹೋಗುವುದಿಲ್ಲ. ಇದರಲ್ಲಿ ಗುರುತೇ ಇರಲಿಲ್ಲ.

ಅಜ್ಜಿ ನಕ್ಕು ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಅಂಗೈ ನಡುವೆ ಅದುಮಿದರು. ಅಂಚಿಗೆ ಅಂಚು ತಾಗುವಷ್ಟು ಬಾಗಿತು. ಬಿಟ್ಟ ಕೂಡಲೇ ಮತ್ತೆ ದುಂಡಗಾಯಿತು. ಬಣ್ಣ ಎಲ್ಲಿಯೂ ಬಿರುಕು ಬಿಡಲಿಲ್ಲ. ಅವರ ಊರು ಥಾಯ್ಲೆಂಡಿನ ಉತ್ತರಕ್ಕೆ, ಬೆಟ್ಟದ ಬುಡದಲ್ಲಿರುವ ಚಿಯಾಂಗ್ ಮಾಯ್. ಪೆಟ್ಟಿಗೆ ಅವರ ತಾಯಿಯದು.

ಆ ಸಂಜೆಯೇ ಅಕ್ಕನಿಗೆ ಫೋನು ಮಾಡಿ ಹೇಳಿದೆ. ಅಕ್ಕ ನಂಬಲಿಲ್ಲ.

"ಅರಗು ಬಾಗ್ತದಾ? ಬುರುಡೆ ಬಿಡಬೇಡ ಕಣೇ. ಬಾಗ್ಸಿದ್ರೆ ಪಟ್ ಅಂತ ಸಿಡೀತದೆ ಅದು."

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಲೇತಿನ ಮುಂದೆ ಕೂತು ಬುಗುರಿ, ಗಿಲಕಿ, ಗೊಂಬೆ ಮಾಡಿದವಳು. ಮೂರು ವರ್ಷದಿಂದ ಇಲ್ಲೇ ಹತ್ತಿರ ಕ್ಯಾಂಪ್‌ಬೆಲ್‌ನಲ್ಲಿ ಮಗಳ ಮನೆಯಲ್ಲಿದ್ದಾಳೆ. ಮಗಳು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಬೆಳಿಗ್ಗೆ ಆರಕ್ಕೇ ಹೊರಡುತ್ತಾಳೆ. ಅತ್ತೆ ಸುಮ್ಮನೆ ಕೂತಿರುವುದು ನೋಡಲಾಗದೆ ಅಳಿಯ ಗರಾಜಿನಲ್ಲಿ ಒಂದು ಸಣ್ಣ ಲೇತು ಇಟ್ಟುಕೊಟ್ಟಿದ್ದ. ಬಣ್ಣದ ಅರಗಿನ ಕಡ್ಡಿಗಳು, ಮೆರುಗು ಕೊಡಲು ತಾಳೆಗರಿ, ಎಲ್ಲವೂ ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಬರುತ್ತಿದ್ದವು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ಅದರ ಮೇಲೆ ತಾಳೆಗರಿ ಒತ್ತಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಹತ್ತು ನಿಮಿಷದಲ್ಲಿ ಬುಗುರಿ ತಯಾರು, ಅದನ್ನು ಮಗು ಬಾಯಿಗೆ ಹಾಕಿಕೊಂಡರೂ ಭಯವಿಲ್ಲ. ಮೊಮ್ಮಗಳು ಬಾಗಿಲಲ್ಲಿ ನಿಂತು "ಅಜ್ಜಿ, ಮೇಕ್ ಎ ರೆಡ್ ಒನ್" ಅಂದರೆ ಅಕ್ಕ "ಕೆಂಪು ಅನ್ನು, ಮಾಡ್ತೀನಿ" ಅನ್ನುತ್ತಿದ್ದಳು.

ಬಾಗುವ ಅರಗಿನ ಮಾತು ಅಕ್ಕನ ತಲೆಗೆ ಹತ್ತಿಬಿಟ್ಟಿತು. ಒಂದು ಭಾನುವಾರ ಬಂದು ಅಜ್ಜಿಯ ಪೆಟ್ಟಿಗೆಯನ್ನು ತಾನೂ ಅದುಮಿದಳು, ಮೂಸಿದಳು, ಉಗುರಿನಲ್ಲಿ ಕೆರೆಯಲು ಹೋಗಿ ಅಜ್ಜಿಯಿಂದ ಕೈಮೇಲೆ ಒಂದು ಏಟು ತಿಂದಳು. ಮಗಳು ಇದನ್ನೆಲ್ಲ ನೋಡಿ, ಅಮ್ಮನಿಗೆ ಅರವತ್ತು ತುಂಬಿದ್ದಕ್ಕೆ ನಮ್ಮಿಬ್ಬರಿಗೂ ಚಿಯಾಂಗ್ ಮಾಯ್‌ಗೆ ಟಿಕೆಟ್ ಮಾಡಿಸಿದಳು. ನವೆಂಬರಿನಲ್ಲಿ ಅಲ್ಲಿ ದೀಪದ ಹಬ್ಬ. ಇಬ್ಬರೇ ಹೇಗೆ ಹೋಗುವುದು ಎಂದು ಅಕ್ಕ ಕೇಳಿದ್ದಕ್ಕೆ ಅವಳು ಹೇಳಿದ್ದು ಒಂದೇ ಮಾತು: "ಚಿಕ್ಕಮ್ಮ ಇದಾರಲ್ಲಮ್ಮ, ಇಪ್ಪತ್ತು ವರ್ಷದಿಂದ ಇಲ್ಲೇ ಇದಾರೆ. ಇಂಗ್ಲಿಷೆಲ್ಲ ಅವ್ರೇ ಮ್ಯಾನೇಜ್ ಮಾಡ್ತಾರೆ."

ಈಗ ನನ್ನ ವಿಷಯ ಹೇಳಬೇಕು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ.

ಮಾತು ಬರುತ್ತದೆ, ಕೆಲಸಕ್ಕೆ ಬೇಕಾದಷ್ಟು. ಅಕ್ಷರಗಳ ಗುರುತಿದೆ. ಅಂಗಡಿಯ ಹೆಸರು, ರಸ್ತೆಯ ಹೆಸರು ನೋಡಿ ನೋಡಿ ಗೊತ್ತು. ಫ್ರೀವೇಯಲ್ಲಿ ಎಕ್ಸಿಟ್ ನಂಬರ್ ನೋಡಿಕೊಂಡು ಹೋಗುತ್ತೇನೆ. ಆದರೆ ನಾಲ್ಕು ಸಾಲು ಒಟ್ಟಿಗೆ ಎದುರಾದರೆ ಕಣ್ಣು ಜಾರುತ್ತದೆ. ನಾನು ಕೆಲಸ ಮಾಡುವುದು ಇಂಡಿಯನ್ ಗ್ರೋಸರಿಯ ಹಿಂದಿನ ಅಡುಗೆಮನೆಯಲ್ಲಿ, ಚಪಾತಿ ಲಟ್ಟಿಸುವ ಕಡೆ. ಅಲ್ಲಿ ಓದುವಂಥದ್ದೇನೂ ಬರುವುದಿಲ್ಲ. ಉಳಿದದ್ದಕ್ಕೆ ಫೋನು ಇದೆ. ಕಾಗದದ ಮೇಲೆ ಹಿಡಿದರೆ ಅದೇ ಕನ್ನಡದಲ್ಲಿ ಓದಿ ಹೇಳುತ್ತದೆ. ಬಾತ್‌ರೂಮಿಗೆ ಹೋಗಿ, ಕಾರಿನಲ್ಲಿ ಕೂತು, ದನಿ ಸಣ್ಣ ಮಾಡಿ ಕೇಳಿಸಿಕೊಳ್ಳುತ್ತೇನೆ. ಇದು ನನ್ನ ಗಂಡನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅಕ್ಕನಿಗಂತೂ ಗೊತ್ತಾಗಲೇಬಾರದಿತ್ತು. ಅವಳು ಶಾಲೆಯ ಮುಖ ನೋಡಿದವಳಲ್ಲ. ನಾನು ಏಳನೇ ತರಗತಿ. ಬಂದವರ ಎದುರಿಗೆಲ್ಲ "ನಮ್ಮನೇಲಿ ಓದ್ದೋಳು ಇವ್ಳೊಬ್ಳೇ" ಎಂದು ಹೇಳಿಕೊಂಡು ಬಂದವಳು ಅವಳು. ಆ ಏಳು ವರ್ಷವೂ ನನ್ನ ಪಾಲಿನ ಗಿಲಕಿಗಳನ್ನು ಲೇತಿನಲ್ಲಿ ತಿರುಗಿಸಿದ್ದು ಅವಳ ಕೈ.

ಚಿಯಾಂಗ್ ಮಾಯ್‌ನಲ್ಲಿ ಎತ್ತ ತಿರುಗಿದರೂ ರಸ್ತೆಯ ಕೊನೆಗೆ ಒಂದು ಬೆಟ್ಟ ಕಾಣುತ್ತದೆ. ಹಳೇ ಊರಿನ ಸುತ್ತ ಚೌಕಾಕಾರದ ಕಂದಕ, ಅದರಲ್ಲಿ ನೀರು. ಬುದ್ಧನ ಗುಡಿಗಳ ಬಾಗಿಲಿಗೆ, ಮರಕ್ಕೆ, ಅಂಗಡಿಗಳ ಮುಂದೆ ಸಾಲಾಗಿ ಕಾಗದದ ಆಕಾಶಬುಟ್ಟಿ ತೂಗುಹಾಕಿದ್ದರು. ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿ, ಇವರ ಹಬ್ಬದ ಹುಣ್ಣಿಮೆ ನಮ್ಮ ಕಾರ್ತಿಕದ ಹುಣ್ಣಿಮೆಯೇ ಎಂದು ಕಂಡುಹಿಡಿದಳು. ಗೋಡೆಯ ಮೇಲೆ ಮಣ್ಣಿನ ಹಣತೆಗಳನ್ನು ಜೋಡಿಸುತ್ತಿದ್ದ ಒಬ್ಬಾಕೆಯನ್ನು ತೋರಿಸಿ, "ನೋಡು, ಬತ್ತಿನೂ ನಮ್ಮಂಗೇ ಹೊಸೀತಾರೆ" ಅಂದಳು.

ಮೊದಲ ದಿನ ಕೊಡೆ ಮಾಡುವ ಹಳ್ಳಿಗೆ ಹೋದೆವು. ಮರದ ತೊಗಟೆ ಬೇಯಿಸಿ, ಜಜ್ಜಿ, ನೀರಿನಲ್ಲಿ ತೇಲಿಸಿ ಜಾಲರಿಯ ಮೇಲೆ ಎತ್ತಿದರೆ ಅದೇ ಕಾಗದ. ಆ ಕಾಗದವನ್ನು ಬಿದಿರಿನ ಕಡ್ಡಿಗಳಿಗೆ ಅಂಟಿಸಿ ಎಣ್ಣೆ ಬಳಿದು ಬಿಸಿಲಿಗೆ ಇಡುತ್ತಾರೆ. ಅಂಗಳದ ತುಂಬ ಕೆಂಪು, ಹಳದಿ, ನೀಲಿ ಕೊಡೆಗಳು ಬಾಯ್ತೆರೆದು ಕೂತಿದ್ದವು. ಹೂ ಬರೆಯುವ ಹೆಂಗಸರು ಒಂದೇ ಕುಂಚದ ಎರಡು ಮೂಲೆಗೆ ಎರಡು ಬಣ್ಣ ಅದ್ದಿ ಒಂದೇ ಎಳೆತಕ್ಕೆ ದಳವನ್ನೂ ಅದರ ನೆರಳನ್ನೂ ಬರೆದುಬಿಡುತ್ತಿದ್ದರು. ಬಂದವರು ಏನು ಕೊಟ್ಟರೂ ಅದರ ಮೇಲೆ ಬರೆಯುತ್ತಾರೆ, ಚೀಲ, ಟೋಪಿ. ನನ್ನ ಫೋನಿನ ಬೆನ್ನಿನ ಮೇಲೆ ಒಂದು ಕೆಂಪು ಹೂ ಬರೆಸಿಕೊಂಡೆ. ಅಕ್ಕ ಆ ಹೆಂಗಸಿನ ಮಣಿಕಟ್ಟನ್ನೇ ನೋಡುತ್ತ ಅರ್ಧ ಗಂಟೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬಾರದು. ಕೊನೆಗೆ ಆಕೆ ಕುಂಚವನ್ನು ಅಕ್ಕನ ಕೈಗೇ ಕೊಟ್ಟಳು. ಅಕ್ಕ ಬರೆದ ಹೂ ಎಲೆಕೋಸಿನ ಹಾಗಿತ್ತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಎರಡನೆಯ ದಿನ, ಅಜ್ಜಿಯ ಪೆಟ್ಟಿಗೆಯಂಥವನ್ನು ಮಾಡುವ ಮೆರುಗಿನ ಕೆಲಸದವರ ಮನೆ. ಅಕ್ಕ ಸಾವಿರಾರು ಮೈಲಿ ಬಂದದ್ದೇ ಅದಕ್ಕೆ.

ಮನೆಯ ಹಿಂದಿನ ಚಪ್ಪರದಲ್ಲಿ ಮೂರು ಜನ ಕೆಲಸ ಮಾಡುತ್ತಿದ್ದರು. ಪೆಟ್ಟಿಗೆ ಯಾಕೆ ಬಾಗುತ್ತದೆ ಎಂಬುದು ಒಳಗೆ ಕಾಲಿಟ್ಟ ಕೂಡಲೇ ತಿಳಿಯಿತು. ಅದು ಮರವೇ ಅಲ್ಲ, ಬಿದಿರು. ರಿಬ್ಬನ್ನಿನ ಹಾಗೆ ತೆಳ್ಳಗೆ ಸೀಳಿ, ಸುತ್ತಿ, ಹೆಣೆದ ಬುಟ್ಟಿ. ಅದಕ್ಕೆ ಕರಿ ಮೆರುಗಿನ ಅಂಟನ್ನು ಬೂದಿಯ ಜೊತೆ ಕಲಸಿ ಮೆತ್ತುತ್ತಾರೆ, ಒಣಗಿಸುತ್ತಾರೆ, ನೀರು ಹಾಕಿ ಉಜ್ಜುತ್ತಾರೆ, ಮತ್ತೆ ಮೆತ್ತುತ್ತಾರೆ. ಒಣಗಿಸುವುದು ಬಿಸಿಲಿನಲ್ಲಿ ಅಲ್ಲ. ನೆಲದೊಳಗಿನ ಒಂದು ಕತ್ತಲೆ ಕೋಣೆಯಲ್ಲಿ, ತೇವದಲ್ಲಿ. ತೇವದಲ್ಲಿ ಒಣಗುವ ಬಣ್ಣವನ್ನು ನಾವು ಎಲ್ಲಿಯೂ ಕಂಡಿರಲಿಲ್ಲ. ಒಂದು ಪೆಟ್ಟಿಗೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಮನೆಯಾಕೆ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಅಕ್ಕನಿಗೆ ಹೇಳಿದೆ. ಅಕ್ಕ ತನ್ನ ಹತ್ತು ನಿಮಿಷದ ಬುಗುರಿ ನೆನೆದು ಹುಬ್ಬೇರಿಸಿದಳು.

ಅಷ್ಟರಲ್ಲಿ ಮುಂದಿನ ಅಂಗಡಿಗೆ ಯಾರೋ ಬಂದರೆಂದು ಮನೆಯಾಕೆ ಎದ್ದು ಹೋದಳು. ಮೂಲೆಯ ಮಣೆಯ ಮೇಲೆ ಒಂದು ಗಡಿಗೆ ಇತ್ತು. ಅದರ ಹಿಂದಿನ ಗೋಡೆಯ ಮೇಲೆ ಒಂದು ಬೋರ್ಡು, ಮೇಲೆ ಅವರ ಲಿಪಿ, ಕೆಳಗೆ ಇಂಗ್ಲಿಷಿನಲ್ಲಿ ಐದಾರು ಸಾಲು. ಗಡಿಗೆಯ ತುಂಬ ಹಸಿ ಮೆರುಗು, ಕಾಕಂಬಿಯ ಹಾಗೆ ಮಂದ, ಹೊಳಪೆಂದರೆ ಎಮ್ಮೆಯ ಕಣ್ಣಿನ ಹೊಳಪು. ಅಕ್ಕ ಅದರ ಮುಂದೆ ನಿಂತುಬಿಟ್ಟಳು.

"ಏನ್ ಬರ್ದವ್ರೆ ನೋಡೇ. ಮುಟ್ಬೌದಾ?"

ನಾನು ಬೋರ್ಡು ನೋಡಿದೆ. ಕಣ್ಣು ಜಾರಿತು. ಕೈಯಲ್ಲೇ ಫೋನು ಇತ್ತು. ಎತ್ತಿ ಹಿಡಿದಿದ್ದರೆ ಅದು ಓದಿ ಹೇಳುತ್ತಿತ್ತು. ಆದರೆ ಓದಿದವಳಿಗೆ ಓದಿ ಹೇಳಲು ಫೋನು ಯಾಕೆ ಬೇಕು ಎಂದು ಅಕ್ಕ ಕೇಳುತ್ತಿದ್ದಳು. ನನಗೆ ಅದು ಅರಗಿನ ಹಾಗೆಯೇ ಕಂಡಿತು. ಅರಗಿನಲ್ಲಿ ಹುಟ್ಟಿ ಬೆಳೆದವರಿಗೆ ಅರಗಿನಿಂದ ಏನಾಗುತ್ತದೆ?

"ಮುಟ್ಟಬಹುದಂತೆ ಅಕ್ಕ. ಯಾವ ಮರದ್ದು, ಹೆಂಗೆ ತೆಗೀತಾರೆ ಅಂತ ಬರೆದಿದಾರೆ ಅಷ್ಟೆ."

ಅಕ್ಕ ಬಲಗೈಯ ನಾಲ್ಕು ಬೆರಳು ಅದ್ದಿದಳು. ಹೆಬ್ಬೆರಳಿಗೆ ಉಜ್ಜಿ ಅಂಟು ನೋಡಿದಳು. ಆಮೇಲೆ ಎರಡೂ ಅಂಗೈಗೆ ಸವರಿಕೊಂಡು ಮೂಸಿದಳು. ಇದು ಅರಗಿನ ವಾಸನೆ ಅಲ್ಲ, ಯಾವುದೋ ಹುಳಿ ಎಂದಳು. ಬೋರ್ಡು, ಗಡಿಗೆ, ಕರಿ ಕೈ ಎಲ್ಲ ಸೇರಿ ಒಂದು ಫೋಟೋ ತೆಗೆ, ಮಗಳಿಗೆ ಕಳಿಸೋಣ ಎಂದಳು. ನಾನು ತೆಗೆದೆ. ಮನೆಯಾಕೆ ವಾಪಸು ಬರುವಷ್ಟರಲ್ಲಿ ಅಕ್ಕ ಅಲ್ಲಿದ್ದ ಬಟ್ಟೆ ಚೂರಿಗೆ ಕೈ ಒರೆಸಿಕೊಂಡಿದ್ದಳು.

ಸಂಜೆ ಅಕ್ಕ ಸ್ನಾನಕ್ಕೆ ಹೋದಾಗ ಆ ಫೋಟೋ ತೆಗೆದು ಬೋರ್ಡಿನ ಭಾಗ ದೊಡ್ಡದು ಮಾಡಿ ಫೋನಿಗೆ ಓದಿಸಿದೆ. ಇದು ಕಾಡುಮರದ ಹಾಲು, ಹಸಿ ಇದ್ದಾಗ ಯಾರೂ ಬರಿಗೈಯಲ್ಲಿ ಮುಟ್ಟಬಾರದು, ಚರ್ಮ ಸುಟ್ಟು ಬೊಬ್ಬೆ ಬರುತ್ತದೆ, ತಗುಲಿದರೆ ಕೂಡಲೇ ಕೆಲಸದವರಿಗೆ ತಿಳಿಸಿ ಎಂದು ಅದು ತನ್ನ ಸಪ್ಪೆ ದನಿಯಲ್ಲಿ ಓದಿತು. ಒಳಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಅಕ್ಕ ಹೊರಗೆ ಬಂದಾಗ ಕೈ ನೋಡಿದೆ, ಏನೂ ಆಗಿರಲಿಲ್ಲ. ಏನೂ ಆಗದಿದ್ದರೆ ಹೇಳುವ ಅಗತ್ಯವೇ ಬರುವುದಿಲ್ಲವಲ್ಲ ಎಂದುಕೊಂಡೆ. ಆ ಫೋಟೋವನ್ನು ಅಕ್ಕನ ಮಗಳಿಗೂ ಕಳಿಸಲಿಲ್ಲ.

ಬೆಳಿಗ್ಗೆ ಎದ್ದಾಗ ಅವಳ ಎರಡು ಕೈಯೂ ಊದಿದ್ದವು. ಮಧ್ಯಾಹ್ನಕ್ಕೆ ಬೆರಳ ಸಂದಿಯಲ್ಲಿ ನೀರು ತುಂಬಿದ ಗುಳ್ಳೆಗಳು. ಔಷಧಿ ಅಂಗಡಿಯ ಹುಡುಗಿ ನೋಡಿ, ಏನು ಮುಟ್ಟಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಹಸಿ ಇದ್ದಾಗ ಮುಟ್ಟಿದರೆ ಹೆಚ್ಚುಕಡಿಮೆ ಎಲ್ಲರಿಗೂ ಹೀಗೇ ಆಗುತ್ತದೆ, ಎರಡು ಮೂರು ವಾರದಲ್ಲಿ ವಾಸಿಯಾಗುತ್ತದೆ ಎಂದು ಮುಲಾಮು ಕೊಟ್ಟಳು. ಏನಂತೆ ಎಂದು ಅಕ್ಕ ಕೇಳಿದಳು. ಎರಡು ಮೂರು ವಾರವಂತೆ ಎಂದೆ. ಎಲ್ಲರಿಗೂ ಆಗುತ್ತದೆ ಎಂಬುದನ್ನು ಹೇಳಲಿಲ್ಲ. ಅದನ್ನು ಹೇಳಿದರೆ ಅಕ್ಕನ ಮುಂದಿನ ಪ್ರಶ್ನೆ, ಹಾಗಾದರೆ ಬೋರ್ಡಿನಲ್ಲಿ ಯಾಕೆ ಬರೆದಿರಲಿಲ್ಲ ಎಂಬುದೇ.

ಅವತ್ತೇ ಹುಣ್ಣಿಮೆ. ಬಾಳೆದಿಂಡಿನ ಬಿಲ್ಲೆಯ ಸುತ್ತ ಬಾಳೆ ಎಲೆ ಮಡಿಸಿ ಚುಚ್ಚಿ, ಚೆಂಡುಹೂ, ಊದುಬತ್ತಿ, ಮೇಣದ ಬತ್ತಿ ಇಟ್ಟು ತೆಪ್ಪ ಮಾಡುತ್ತಾರೆ. ಅದರೊಳಗೆ ತಮ್ಮ ಉಗುರಿನ ಚೂರು, ಕೂದಲಿನ ಎಳೆ ಹಾಕಿ ನದಿಗೆ ಬಿಡುತ್ತಾರೆ. ವರ್ಷವಿಡೀ ನೀರನ್ನು ಕೊಳೆ ಮಾಡಿದ್ದಕ್ಕೆ ನದಿಯ ಹತ್ತಿರ ತಪ್ಪು ಕೇಳಿಕೊಳ್ಳುವ ಹಬ್ಬ ಅದು. ಬಾಳೆ ಎಲೆ ಮಡಿಸುವುದು ಅಕ್ಕನಿಗೆ ನೀರು ಕುಡಿದಷ್ಟು ಸುಲಭ. ಬಂದ ದಿನವೇ ಎಲೆ ಆರಿಸಿಟ್ಟಿದ್ದಳು. ಈಗ ಎರಡು ಕೈಗೂ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಕೂತು, ಹೇಗೆ ಮಡಿಸಬೇಕು ಎಂದು ನನಗೆ ಹೇಳಿಕೊಟ್ಟಳು. ಅವಳ ಕಿರುಬೆರಳ ಉಗುರನ್ನು ನಾನೇ ಕತ್ತರಿಸಿದೆ.

ಜನರ ನಡುವೆ ಕೈಗೆ ಏನಾದರೂ ತಗುಲಿದರೆ ಜೀವ ಹೋಗುತ್ತದೆ, ನೀನೇ ಎರಡೂ ಬಿಟ್ಟು ಬಾ ಎಂದಳು. ಒಬ್ಬಳೇ ನದಿಗೆ ಹೋದೆ. ಮೆಟ್ಟಿಲ ಮೇಲೆ ಕೂತು ಮೊದಲು ಅವಳದು, ಆಮೇಲೆ ನನ್ನದು ಬಿಟ್ಟೆ. ತಲೆಯ ಮೇಲೆ, ಜನ ಹಚ್ಚಿ ಹಾರಿಬಿಟ್ಟ ಕಾಗದದ ದೀಪಗಳು ಬೆಟ್ಟದ ಕಡೆಗೆ ತೇಲಿ ಹೋಗುತ್ತಿದ್ದವು. ಎಷ್ಟು ಎತ್ತರಕ್ಕೆ ಹೋದ ಮೇಲೆ ಆರುತ್ತವೆ ಎಂದು ಒಂದನ್ನೇ ಹಿಡಿದು ನೋಡಿದೆ, ಗೊತ್ತಾಗಲಿಲ್ಲ. ಪಕ್ಕದವರು ಕೈ ಮುಗಿದಾಗ ನಾನೂ ಮುಗಿದು, ನಡೆದದ್ದನ್ನೆಲ್ಲ ಕನ್ನಡದಲ್ಲೇ ನದಿಗೆ ಹೇಳಿದೆ. ವಾಪಸು ಬಂದು ಅಕ್ಕನಿಗೆ, ನಿನ್ನ ದೀಪ ಬಹಳ ದೂರ ಹೋಯಿತು ಎಂದೆ. ಅದೊಂದು ನಿಜ.

ಕ್ಯಾಂಪ್‌ಬೆಲ್‌ಗೆ ಬಂದ ಮೇಲೆ ನಾನು ಎಣಿಸದೇ ಇದ್ದದ್ದು ನಡೆಯಿತು. ಕೈ ವಾಸಿಯಾಯಿತು, ಚರ್ಮ ಸುಲಿದು ಹೊಸದು ಬಂತು. ಆದರೆ ಅಕ್ಕ ಲೇತಿನ ಹತ್ತಿರ ಹೋಗಲಿಲ್ಲ. ತನ್ನ ಮೈ ಅರಗಿಗೆ ಆಗದಂತಾಗಿದೆ, ವಯಸ್ಸಾದ ಮೇಲೆ ರಕ್ತ ಬದಲಾಗುತ್ತದೆ ಎಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು. ಮಗಳು ಗುಳ್ಳೆಯೆದ್ದ ಕೈಯ ಫೋಟೋ ನೋಡಿ, ಅಲರ್ಜಿ ಒಮ್ಮೆ ಬಂದರೆ ಮತ್ತೆ ಬರುತ್ತದಮ್ಮ, ಇನ್ನು ಅರಗು ಮುಟ್ಟಬೇಡ ಎಂದಿದ್ದಳು. ಅರಗು, ಆ ಕರಿ ಮೆರುಗು ಎರಡೂ ಒಂದೇ ಪದಾರ್ಥ ಎಂದೇ ಮನೆಯವರೆಲ್ಲ ತಿಳಿದಿದ್ದರು. ಅಳಿಯ ಲೇತಿನ ಮೇಲೆ ಹಳೇ ಬೆಡ್‌ಶೀಟು ಹೊದಿಸಿದ. ಮೊಮ್ಮಗಳು ಕೇಳಿದರೆ ಅಕ್ಕ ಕೈ ತೋರಿಸಿ "ಅಜ್ಜಿ ಕೈ ರಿಟೈರ್ ಆಯ್ತು" ಅನ್ನುತ್ತಿದ್ದಳು. ನಾನು ಹೋದಾಗಲೆಲ್ಲ ಸೋಫಾದಲ್ಲಿ ಕೂತು ಮಡಿಲಲ್ಲಿ ಕೈ ಇಟ್ಟುಕೊಂಡು ಟಿವಿ ನೋಡುತ್ತಿದ್ದಳು.

ಒಂದೇ ಮಾತಿನಿಂದ ಆ ಬೆಡ್‌ಶೀಟು ತೆಗೆಯಬಹುದಿತ್ತು. ಐದು ತಿಂಗಳು ಹೇಳಲಿಲ್ಲ. ಬೋರ್ಡಿನ ವಿಷಯ ಮುಚ್ಚಿಟ್ಟು ಉಳಿದದ್ದನ್ನು ಹೇಳುವ ದಾರಿ ಹುಡುಕಿದೆ. ಎದುರು ಮನೆ ಅಜ್ಜಿಯನ್ನು ಕೇಳಿದೆ. ಅದು ಬೇರೆ, ನಿಮ್ಮದು ಹುಳುವಿನ ಅರಗು, ನಮ್ಮದು ಮರದ ಹಾಲು, ಹಸಿಯಾಗಿ ಮುಟ್ಟಿದರೆ ನನ್ನ ತಾಯಿಗೂ ಬೊಬ್ಬೆ ಬರುತ್ತಿತ್ತು ಎಂದರು ಅವರು. ಆಮೇಲೆ, ಆ ಊರಿನ ಕೆಲಸದವರು ಮುಟ್ಟಬೇಡಿ ಎಂದು ಹೇಳಲಿಲ್ಲವೇ ಎಂದು ಕೇಳಿದರು. ಯಾವ ಕಡೆಯಿಂದ ಹೊರಟರೂ ಆ ಬೋರ್ಡಿನ ಮುಂದೆಯೇ ಬಂದು ನಿಲ್ಲುತ್ತಿದ್ದೆ.

ಏಪ್ರಿಲಿನಲ್ಲಿ ಒಂದು ಶನಿವಾರ ಹೋದಾಗ ಅಕ್ಕ ಗರಾಜಿನಲ್ಲಿ ಅರಗಿನ ಕಡ್ಡಿಗಳನ್ನು ಬಣ್ಣವಾರು ಕಟ್ಟುಕಟ್ಟಿ ಡಬ್ಬಿಗೆ ತುಂಬುತ್ತಿದ್ದಳು. ಕೈಗೆ ಪ್ಲಾಸ್ಟಿಕ್ ಗ್ಲೌಸು. ಊರಿಗೆ ಹೋಗುವವರು ಸಿಕ್ಕಿದ್ದಾರೆ, ಚನ್ನಪಟ್ಟಣದಲ್ಲಿ ಯಾರಿಗಾದರೂ ಕೊಟ್ಟುಬಿಡಲಿ ಎಂದಳು. ಉಳಿಗಳನ್ನು ಆಗಲೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು.

ನನಗೆ ಬಾಯಲ್ಲಿ ಹೇಳಲು ಆಗಲಿಲ್ಲ. ಫೋನು ತೆಗೆದು ಆ ಫೋಟೋ ಹುಡುಕಿ, ಬೋರ್ಡು ದೊಡ್ಡದು ಮಾಡಿ, ದನಿ ಪೂರ್ತಿ ಏರಿಸಿ ಡಬ್ಬಿಯ ಪಕ್ಕ ಮಗುಚಿ ಇಟ್ಟೆ. ಅದು ಮೊದಲಿನಿಂದ ಕೊನೆಯವರೆಗೆ ಓದಿತು. ಅಕ್ಕ ಫೋನಿನ ಹೂವನ್ನೇ ನೋಡುತ್ತ ಕೇಳಿಸಿಕೊಂಡಳು.

"ಯಾರೇ ಇದು ಮಾತಾಡೋದು?"

"ಫೋನು. ನಂಗೆ ಇಂಗ್ಲಿಷ್ ಓದಕ್ಕೆ ಬರಲ್ಲ ಅಕ್ಕ. ಯಾವತ್ತೂ ಬಂದಿಲ್ಲ. ಇದೇ ಓದಿ ಹೇಳೋದು."

ಬಟ್ಟೆಗೆ ಗುರುತು ಹಾಕುವ ಕರಿಗೇರು ಕಾಯಿಯ ರಸ ತಗುಲಿದರೆ ಸುಡುತ್ತದಲ್ಲ, ಹಾಗೆಯೋ ಇದು ಎಂದು ಕೇಳಿದಳು. ಹೌದು ಎಂದೆ. ಅರಗಿಗೂ ಇದಕ್ಕೂ ಸಂಬಂಧ ಇಲ್ಲವೋ ಎಂದಳು. ಇಲ್ಲ ಎಂದೆ. ನಿನಗೆ ಯಾವತ್ತು ಗೊತ್ತಾಯಿತು ಎಂದಳು. ನೀನು ಸ್ನಾನ ಮಾಡುತ್ತಿದ್ದಾಗ ಎಂದೆ. ಅಕ್ಕ ಒಂದೊಂದೇ ಗ್ಲೌಸು ಬಿಚ್ಚಿದಳು.

"ಓದಕ್ಕೆ ಬರ್ದಿದ್ರೆ ಹೋಗ್ಲಿ. ನಂಗೂ ಬರಲ್ಲ. ಐದು ತಿಂಗ್ಳು ಕಣೇ. ಐದು ತಿಂಗ್ಳು ನನ್ ಕೈಯ ನಾನೇ ಬೈಕೊಂಡು ಕೂತಿದ್ದೆ, ನೀನು ಎದುರಿಗೆ ಕೂತು ಕಾಫಿ ಕುಡಿದು ಹೋಗ್ತಿದ್ದೆ."

ಮನೆಗೆ ಹೋಗು ಎಂದಳು. ಹೋದೆ.

ಮೂರು ವಾರ ಅಕ್ಕ ಫೋನು ಮಾಡಲಿಲ್ಲ, ನಾನು ಮಾಡಿದರೂ ಎತ್ತಲಿಲ್ಲ. ಊರಿಗೆ ಹೋಗುವವರು ಹೋದರು, ಡಬ್ಬಿಯನ್ನು ಅಮ್ಮ ಕೊಡಲಿಲ್ಲ ಎಂದು ಅವಳ ಮಗಳಿಂದ ತಿಳಿಯಿತು. ಆಮೇಲೆ ಒಂದು ದಿನ ಮೊಮ್ಮಗಳ ಕೈಯಲ್ಲಿ ಫೋನು ಮಾಡಿಸಿ, ಭಾನುವಾರ ಬಾ, ಲೇತಿನ ಬೆಲ್ಟು ಸಡಿಲವಾಗಿದೆ, ಹಿಡಿದುಕೊಳ್ಳಲು ಒಬ್ಬರು ಬೇಕು ಎಂದು ಹೇಳಿಸಿದಳು. ಹೋದಾಗ ಬೆಡ್‌ಶೀಟು ಮಡಿಸಿಟ್ಟಿತ್ತು. ಬೆಲ್ಟು ಸರಿ ಮಾಡುವವರೆಗೂ ಅಕ್ಕ ಕೆಲಸದ ಮಾತು ಬಿಟ್ಟು ಒಂದೂ ಆಡಲಿಲ್ಲ. ಕ್ಷಮಿಸು ಎಂದು ನಾನು ಬಾಯಿ ತೆರೆದಾಗ "ಅದೆಲ್ಲ ಆಮೇಲೆ" ಎಂದಳು.

ಲೇತಿನ ಮೈಗೆ ಹಳದಿ ಕಾಗದದ ಒಂದು ಚೀಟಿ ಅಂಟಿಸಿದ್ದಾರೆ, ಕಾರ್ಖಾನೆಯಿಂದಲೇ ಬಂದದ್ದು, ಇಂಗ್ಲಿಷಿನಲ್ಲಿ ಮೂರು ಸಾಲು. ಅಕ್ಕ ಸ್ವಿಚ್ಚಿನ ಮೇಲೆ ಕೈ ಇಟ್ಟು, ಒತ್ತದೆ, ಗದ್ದದಿಂದ ಆ ಚೀಟಿ ತೋರಿಸಿದಳು.

"ಓದು. ಫೋನ್ ತೆಗೀಬೇಡ."

ನಾನು ಮುಂದೆ ಬಗ್ಗಿ ಮೊದಲ ಅಕ್ಷರದ ಮೇಲೆ ಬೆರಳಿಟ್ಟೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಮೊದಲ ಪದ ಹೊರಡಿಸುವಷ್ಟರಲ್ಲಿ ಮುಖ ಬೆವರಿತು. ಎರಡನೆಯದು ತಪ್ಪಿತು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು "ನೋ, ಅದು ಹ್ಯಾಂಡ್ಸ್" ಎಂದು ತಿದ್ದಿದಳು. ಕೈ. ಕೈಯ ವಿಷಯ ಏನೋ ಬರೆದಿದೆ. ಅಕ್ಕ ಬಣ್ಣದ ಕಡ್ಡಿ ಹಿಡಿದುಕೊಂಡು ಕಾಯುತ್ತಿದ್ದಳು, ಕೆಂಪು ಕಡ್ಡಿ. ಹೂಂ, ಮುಂದೆ ಎಂದಳು. ಅದರ ಕೆಳಗೆ ಇನ್ನೂ ಎರಡು ಸಾಲು ಇತ್ತು.